ಕಾವಿಗೆ ಕೂತ ಯಜಮಾನರು

ಬಳ್ಳಾರಿಯ ಮಾಳಿಗೆಗಳ ಮೇಲೆ, ಸಿರುಗುಪ್ಪದ ಅಕ್ಕಿ ಗಿರಣಿಗಳ ಹಿಂದಿನ ಓಣಿಗಳಲ್ಲಿ, ಕುರುಗೋಡಿನ ಹಿತ್ತಲುಗಳಲ್ಲಿ ಒಂದು ವಿಶೇಷ ಬಗೆಯ ಗೃಹಸ್ಥರು ಕಾಣಸಿಗುತ್ತಾರೆ. ವಯಸ್ಸು ಐವತ್ತರ ಆಚೀಚೆ. ಮೇಷ್ಟ್ರೋ, ಬ್ಯಾಂಕಿನವರೋ, ಗೊಬ್ಬರದಂಗಡಿಯವರೋ ಆಗಿರಬಹುದು, ಆದರೆ ಫೋನಿನಲ್ಲಿ ಮೊಮ್ಮಗನ ಫೋಟೊ ಹುಡುಕಲು ಹೊರಟರೆ ಮೊದಲು ನೂರು ಮೊಟ್ಟೆ ದಾಟಬೇಕು. ಮದುವೆಗೆ ಕರೆದರೆ, ‘ಇವತ್ತಿಗೆ ಹನ್ನೊಂದನೇ ದಿನ, ಮನ್ಯಾಗ ಇರಬೇಕಾಗ್ತದ’ ಎನ್ನುತ್ತಾರೆ. ಕರೆಯಲು ಬಂದವರು, ಪಾಪ, ಯಾರು ಹೋದರೋ ಎಂದು ಮುಖ ಸಣ್ಣದು ಮಾಡಿಕೊಂಡು ವಾಪಸಾಗುತ್ತಾರೆ. ಹೋದವರು ಯಾರೂ ಇಲ್ಲ, ಬರುವವರಿದ್ದಾರೆ: ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಪ್ಪತ್ತು ಜವಾರಿ ಮೊಟ್ಟೆ, ಒಂದು ಬಲ್ಬು, ಒಂದು ಪುಟ್ಟ ಫ್ಯಾನು, ಒಂದು ಥರ್ಮೋಸ್ಟಾಟ್. ಕೋಳಿ ಯಾಕೆ ಸಾಕುತ್ತೀರಿ ಎಂದು ಕೇಳಿದರೆ ಇವರ ಬಳಿ ಮೂರು ಉತ್ತರ ಸಿದ್ಧವಿರುತ್ತವೆ: ದುಡ್ಡು ಉಳಿಯುತ್ತದೆ, ಆರೋಗ್ಯಕ್ಕೆ ಒಳ್ಳೆಯದು, ಹಿರಿಯರ ಕಾಲದಿಂದ ಬಂದದ್ದು. ಮೂರೂ ಸುಳ್ಳು ಎಂಬುದು ನನ್ನ ವಾದ. ನಾಲ್ಕನೆಯದೊಂದು ನಿಜವಾದ ಕಾರಣವಿದೆ, ಅದನ್ನು ಅವರು ತಮಗೂ ಹೇಳಿಕೊಂಡಿಲ್ಲ.

ಮೊದಲು ದುಡ್ಡಿನ ಮಾತು. ಫಾರಂನ ಬಿಳಿ ಲೆಗ್‌ಹಾರ್ನ್ ವರ್ಷಕ್ಕೆ ಮುನ್ನೂರರ ಹತ್ತಿರ ಮೊಟ್ಟೆ ಇಡುತ್ತದೆ, ಜವಾರಿ ಹೇಂಟೆ ಅರವತ್ತೋ ಎಂಬತ್ತೋ ಇಟ್ಟು, ಅದನ್ನೂ ಉಪಕಾರ ಮಾಡಿದ ಹಾಗೆ ಕೂಗಿ ಓಣಿಗೆಲ್ಲ ಹೇಳುತ್ತದೆ. ಪೆಟ್ಟಿಗೆಯ ಇಪ್ಪತ್ತರಲ್ಲಿ ಕೆಲವು ಬರಡು, ಕೆಲವು ನಡುವೆಯೇ ಸತ್ತದ್ದು. ಹನ್ನೆರಡು ಮರಿ ಹೊರಬಂದರೆ ಯಜಮಾನರು ಬೀಗುತ್ತಾರೆ, ಎರಡು ತಿಂಗಳ ನಂತರ ಅದರಲ್ಲಿ ಆರು ಹುಂಜ ಎಂದು ಗೊತ್ತಾದಾಗ ಇಳಿಯುತ್ತಾರೆ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು, ಉಳಿದವು ಕಾದಾಡುವುದಕ್ಕೆ ಮತ್ತು ಬೆಳಗಿನ ನಾಲ್ಕಕ್ಕೆ ಪಕ್ಕದ ಮನೆಯವರನ್ನು ಎಬ್ಬಿಸುವುದಕ್ಕೆ. ಗಂಡು ಹೆಚ್ಚಾಯಿತೆಂದು ಇವರು ಬೈಯುವುದು ತಂದೆ ಹುಂಜವನ್ನು. ಆದರೆ ಪಕ್ಷಿಗಳಲ್ಲಿ ಮರಿಯ ಲಿಂಗ ತೀರ್ಮಾನಿಸುವುದು ತಾಯಿಯ ಕಡೆಯ ವರ್ಣತಂತು, ಮನುಷ್ಯರಲ್ಲಿ ತಂದೆಯ ಕಡೆಯದು. ಮನೆಯಲ್ಲಿ ಹೆಣ್ಣು ಹುಟ್ಟಿದ್ದಕ್ಕೆ ಸೊಸೆಯನ್ನು ಬೈದದ್ದೂ ತಪ್ಪು, ಹಿತ್ತಲಲ್ಲಿ ಗಂಡು ಹುಟ್ಟಿದ್ದಕ್ಕೆ ಹುಂಜವನ್ನು ಬೈದದ್ದೂ ತಪ್ಪು. ಎರಡೂ ಕಡೆ ತಪ್ಪಿದ ಮೇಲೂ ಇವರ ಗತ್ತು ಕಡಿಮೆಯಾಗುವುದಿಲ್ಲ. ಹೆಚ್ಚಿನ ಹುಂಜ ಮಾರೋಣವೆಂದರೆ ಅಷ್ಟರಲ್ಲಿ ಅವಕ್ಕೆ ಹೆಸರಿಟ್ಟಾಗಿರುತ್ತದೆ. ಕೊಯ್ಯೋಣವೆಂದರೆ, ಹೆಸರಿಟ್ಟವರೇ ಆ ದಿನ ಊಟ ಬಿಡುತ್ತಾರೆ. ಕಾಳು, ಕರೆಂಟು, ಜಾಲರಿ, ಇನ್ವರ್ಟರು ಎಲ್ಲ ಕೂಡಿಸಿದರೆ ಅಂಗಡಿಯ ಮೊಟ್ಟೆಯೇ ಅಗ್ಗ. ಈ ಲೆಕ್ಕ ಯಜಮಾನ್ತಿಗೆ ಗೊತ್ತಿದೆ, ಯಜಮಾನರು ಮಾತ್ರ ಮಾಡಿಲ್ಲ.

ಎರಡನೆಯದು ಆರೋಗ್ಯ. ಇದಕ್ಕೆ ಇವರ ಸಾಕ್ಷಿ ಮೊಟ್ಟೆಯ ಭಂಡಾರದ, ಅಂದರೆ ಒಳಗಿನ ಹಳದಿಯ, ಬಣ್ಣ. ಬೇಯಿಸಿದ ಮೊಟ್ಟೆಯನ್ನು ಎರಡಾಗಿ ಸೀಳಿ, ‘ನೋಡ್ರಿ, ಹೆಂಗ ಕೆಂಪಗೈತಿ, ಇದು ಶಕ್ತಿ’ ಎನ್ನುತ್ತಾರೆ. ಭಂಡಾರದ ಬಣ್ಣ ಬರುವುದು ಕೋಳಿ ತಿಂದದ್ದರಿಂದ. ಹಸಿರು ಸೊಪ್ಪು, ಮೆಕ್ಕೆಜೋಳ ತಿಂದರೆ ಹಳದಿ ಗಾಢವಾಗುತ್ತದೆ, ಕೆಂಪು ಮೆಣಸಿನಕಾಯಿ ತಿಂದರೆ ಕೆಂಪಿಗೆ ತಿರುಗುತ್ತದೆ. ಕುರುಗೋಡು ಸೀಮೆಯಲ್ಲಿ ಮೆಣಸಿನಕಾಯಿ ಒಣಹಾಕಿದ ಕಣಕ್ಕೆ ಕೋಳಿ ನುಗ್ಗಿ ಬೀಜ ಹೆಕ್ಕುವುದನ್ನು ಕಂಡವರು ಅದರ ಧೈರ್ಯಕ್ಕೆ ಬೆರಗಾಗುತ್ತಾರೆ. ಧೈರ್ಯವೇನಿಲ್ಲ, ಹಕ್ಕಿಗಳಿಗೆ ಮೆಣಸಿನ ಖಾರ ತಾಕುವುದೇ ಇಲ್ಲ. ಸಿರುಗುಪ್ಪದ ಕೋಳಿಗೆ ಗಿರಣಿಯ ನುಚ್ಚು, ತೌಡೇ ಊಟವಾದ್ದರಿಂದ ಅದರ ಭಂಡಾರ ಪೇಲವ. ಹೀಗಾಗಿ ಒಂದೇ ತಳಿಯ ಎರಡು ಕೋಳಿಗಳಲ್ಲಿ ಕುರುಗೋಡಿನದು ‘ಶಕ್ತಿವಂತ’, ಸಿರುಗುಪ್ಪದ್ದು ‘ಸಪ್ಪೆ’ ಎಂಬ ತೀರ್ಪು ಹೊರಬೀಳುತ್ತದೆ. ಬೆಳಕು ಗಾಳಿಯಲ್ಲಿ ಓಡಾಡಿದ ಕೋಳಿಯ ಬದುಕು ಪಂಜರದ ಕೋಳಿಗಿಂತ ಮೇಲು, ಒಪ್ಪೋಣ. ಅದು ಕೋಳಿಯ ಆರೋಗ್ಯದ ಮಾತಾಯಿತು, ತಿನ್ನುವವರದ್ದಲ್ಲ.

ಹಿರಿಯರ ದಾರಿ ಎಂಬುದು ಮೂರನೆಯದು. ಹಿರಿಯರ ಮನೆಯಲ್ಲಿ ಕೋಳಿ ಇತ್ತು, ಪೆಟ್ಟಿಗೆ ಇರಲಿಲ್ಲ. ಕೋಳಿ ನೋಡಿಕೊಂಡವಳು ಅಜ್ಜಿ, ಮೊಟ್ಟೆ ಮಾರಿದ ದುಡ್ಡು ಅವಳ ಸೀರೆಯ ಸೆರಗಿನ ಗಂಟಿಗೆ. ಹೇಂಟೆ ಕಾವಿಗೆ ಕೂರುವ ಲಕ್ಷಣ ಕಂಡರೆ ಮಂಕರಿಗೆ ಹುಲ್ಲು ಹಾಸಿ, ಹತ್ತು ಹನ್ನೆರಡು ಮೊಟ್ಟೆ ಇಟ್ಟು, ಕತ್ತಲ ಮೂಲೆಗೆ ಸರಿಸಿದರೆ ಅಜ್ಜಿಯ ಕೆಲಸ ಮುಗಿಯಿತು. ಶಾಖ, ತೇವ, ದಿನಕ್ಕೆ ಹಲವು ಸಲ ಮೊಟ್ಟೆ ಹೊರಳಿಸುವುದು ಎಲ್ಲ ಹೇಂಟೆಯ ಪಾಲು. ಆ ಹೇಂಟೆಯನ್ನು ಕೆಲಸದಿಂದ ಬಿಡಿಸಿ ಯಜಮಾನರು ತಾವೇ ಸೇರಿಕೊಂಡಿದ್ದಾರೆ. ಅದೂ ಬಳ್ಳಾರಿಯಲ್ಲಿ! ಮೊಟ್ಟೆಗೆ ಬೇಕಾದದ್ದು ಮೂವತ್ತೇಳೂವರೆ ಡಿಗ್ರಿ ಶಾಖ. ಏಪ್ರಿಲ್, ಮೇನಲ್ಲಿ ಊರೇ ನಲವತ್ತು ದಾಟಿರುತ್ತದೆ. ಲೋಕದಲ್ಲೆಲ್ಲ ಪೆಟ್ಟಿಗೆಯನ್ನು ಬಿಸಿ ಮಾಡಲು ಒದ್ದಾಡಿದರೆ ಇಲ್ಲಿ ಬಲ್ಬು ಆರಿಸಿ, ಹಸಿ ಗೋಣಿಚೀಲ ಹೊದಿಸಿ, ತಂಪು ಮಾಡಲು ಒದ್ದಾಡಬೇಕು. ಪೆಟ್ಟಿಗೆಗೆ ಹೋಗುವ ಮುಂಚೆಯೇ ಕಪಾಟಿನ ಬಿಸಿಗೆ ಕೂಸು ಅರ್ಧಂಬರ್ಧ ಬೆಳೆಯಲು ಶುರುವಾಗಿ ಕೆಡುತ್ತದೆ. ಹಸಿ ಮರಳಿನ ಮೇಲೆ ಮಡಕೆ ಇಟ್ಟು ಮೊಟ್ಟೆ ಕಾಯುವ ಹಳೆಯ ಉಪಾಯವನ್ನು ಇವರು ಕಲಿಯುವುದು ಎರಡು ಬ್ಯಾಚು ಹಾಳಾದ ಮೇಲೆ. ಇನ್ನು ಕರೆಂಟು: ಪಕ್ಕದ ಕುಡತಿನಿಯಲ್ಲಿ ನಾಡಿಗೆಲ್ಲ ವಿದ್ಯುತ್ ತಯಾರಾಗುತ್ತದೆ, ಆದರೂ ರಾತ್ರಿ ದೀಪ ಹೋದರೆ ಹೆಂಡತಿ ಮಕ್ಕಳು ಬೀಸಣಿಗೆ ಹುಡುಕುತ್ತಾರೆ, ಯಜಮಾನರು ಇನ್ವರ್ಟರಿನ ವೈರು ಫ್ಯಾನಿನಿಂದ ಕಿತ್ತು ಪೆಟ್ಟಿಗೆಗೆ ಸಿಕ್ಕಿಸುತ್ತಾರೆ.

ಹಾಗಾದರೆ ಯಾಕಿಷ್ಟು ಪಾಡು? ಉತ್ತರ ಇಪ್ಪತ್ತೊಂದರಲ್ಲಿದೆ. ಈ ಸೀಮೆಯಲ್ಲಿ ಹೇಳಿದ ದಿನಕ್ಕೆ ಬರುವುದು ಯಾವುದಿದೆ? ನಲ್ಲಿಗೆ ನೀರು ಯಾವಾಗ, ಕಾಲುವೆಗೆ ನೀರು ಯಾವಾಗ, ಎರಡನೇ ಬೆಳೆಗೆ ಸಿಗುತ್ತದೋ ಇಲ್ಲವೋ, ಎಲ್ಲವೂ ಮುಂದಿನ ಸಭೆಯ ಮಾತು. 2024ರ ಆಗಸ್ಟಿನಲ್ಲಿ ತುಂಬಿ ನಿಂತ ತುಂಗಭದ್ರಾ ಜಲಾಶಯದ 19ನೇ ಗೇಟು ಒಂದು ರಾತ್ರಿ ಕೊಚ್ಚಿಹೋದಾಗ ಕೆಳಗಿನ ಸಿರುಗುಪ್ಪದ ಗದ್ದೆಗಳ ಭವಿಷ್ಯವೂ ಅಲ್ಲಾಡಿತ್ತು. ಮಗನ ನೌಕರಿ, ಮಗಳ ವರ್ಗಾವಣೆ, ಮೆಣಸಿನಕಾಯಿಯ ರೇಟು ಯಾವುದೂ ಕ್ಯಾಲೆಂಡರಿಗೆ ಬಗ್ಗುವುದಿಲ್ಲ. ಮೊಟ್ಟೆ ಬಗ್ಗುತ್ತದೆ. ಮೂರನೇ ದಿನಕ್ಕೆ ಎದೆಬಡಿತ. ಅದನ್ನು ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಮೊಟ್ಟೆ ಒಡೆದು ನೋಡಿ ಬರೆದಿಟ್ಟಿದ್ದಾನೆ. ಏಳನೇ ದಿನಕ್ಕೆ ಮೊಬೈಲ್ ಟಾರ್ಚಿನ ಬೆಳಕಿಗೆ ಜೇಡರ ಬಲೆಯಂಥ ಕೆಂಪು ನರ, ಹದಿನೆಂಟಕ್ಕೆ ಹೊರಳಿಸುವುದು ಬಂದ್, ಇಪ್ಪತ್ತೊಂದಕ್ಕೆ ಮರಿ. ಇಷ್ಟು ಕರಾರುವಾಕ್ಕಾದ ಕಚೇರಿ ಯಜಮಾನರು ಜೀವಮಾನದಲ್ಲಿ ಕಂಡಿಲ್ಲ. ಅವರು ಸಾಕುತ್ತಿರುವುದು ಕೋಳಿಯನ್ನಲ್ಲ, ಆ ವಾಯಿದೆಯನ್ನು.

ಹೇಂಟೆಯ ಕೈಯಲ್ಲೂ ಇಪ್ಪತ್ತೊಂದೇ ದಿನವಲ್ಲವೇ, ಪೆಟ್ಟಿಗೆ ಯಾಕೆ ಎಂದು ಕೇಳಬಹುದು. ಹೌದು, ಆದರೆ ಹೇಂಟೆ ತನ್ನ ಹೊಟ್ಟೆಯ ಕೆಳಗೆ ಇಣುಕಲು ಬಿಡುವುದಿಲ್ಲ, ಕೈ ಹಾಕಿದರೆ ಕುಕ್ಕುತ್ತದೆ. ಪೆಟ್ಟಿಗೆಗೆ ಗಾಜಿನ ಕಿಟಕಿ ಇದೆ. ಹಾಗಿದ್ದರೆ ಇವರು ಬರೀ ನಗೆಪಾಟಲೇ ಎಂದರೆ ಅದನ್ನು ಒಪ್ಪಲಾರೆ. ಅಜ್ಜಿಯ ಹಿತ್ತಲಿಗೆ ಕೊಕ್ಕರೆ ರೋಗ ನುಗ್ಗಿದರೆ ವಾರದಲ್ಲಿ ಗೂಡು ಖಾಲಿ, ‘ರೋಗ ಬಂತು, ಹೋದ್ವು’ ಎಂದು ಅವಳು ಕೈಚೆಲ್ಲುತ್ತಿದ್ದಳು. ದಿನ ಎಣಿಸುವ ಚಟದ ಯಜಮಾನರು ಏಳನೇ ದಿನದೊಳಗೆ ಪ್ರತಿ ಮರಿಯ ಕಣ್ಣಿಗೆ ಆ ರೋಗ ತಡೆಯುವ ಲಸೋಟಾ ಲಸಿಕೆಯ ಹನಿ ಬಿಡುತ್ತಾರೆ. 2025ರ ಆರಂಭದಲ್ಲಿ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಂಥ ಹೊತ್ತಿನಲ್ಲಿ, ಒಂದು ಕೋಳಿ ತೂಕಡಿಸಿದರೂ ಪಶು ಆಸ್ಪತ್ರೆಗೆ ಫೋನು ಮಾಡುವ ಇಂಥವರು ಓಣಿಗೊಬ್ಬರು ಇರುವುದು ಲೇಸು. ಆದ್ದರಿಂದ ನ್ಯಾಯವಾದ ಪಾಲುಪಟ್ಟಿ ಇದು: ಕಾವು ಹೇಂಟೆಗೆ, ಲಸಿಕೆ ಯಜಮಾನರಿಗೆ. ಇದಕ್ಕೆ ಹೇಂಟೆಯ ಕಡೆಯಿಂದ ತಕರಾರು ಬರಲಾರದು. ಯಜಮಾನರು ಮಾತ್ರ ಒಪ್ಪುವುದಿಲ್ಲ. ಹನಿ ಹಾಕುವುದು ಹತ್ತು ನಿಮಿಷದ ಕೆಲಸ, ಉಳಿದ ಮೂರು ವಾರ ಅವರು ಹೆಂಡತಿಯ ಜೊತೆ ಮಾತಾಡಬೇಕಾಗುತ್ತದೆ.