ಚಾರ್ಜರ್ ಆರಿಸುವ ದೋಣಿಧಣಿ

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ಸೌತಾಂಪ್ಟನ್ನಿನಿಂದ ಲಿಮಿಂಗ್ಟನ್ನಿನವರೆಗಿನ ಮರೀನಾಗಳಲ್ಲಿ, ಅಂದರೆ ಬಾಡಿಗೆ ತೆತ್ತು ವಿಹಾರದೋಣಿಗಳನ್ನು ಕಟ್ಟಿಹಾಕುವ ತಂಗುದಾಣಗಳಲ್ಲಿ, ಕಾಣಸಿಗುವ ನಾನಾ ಬಗೆಯ ಜನರ ಪೈಕಿ ಚಾರ್ಜರ್ ಆರಿಸುವ ದೋಣಿಧಣಿಗೆ ಪ್ರತ್ಯೇಕ ಸ್ಥಾನವಿದೆ. ಈತ ಸಾಮಾನ್ಯವಾಗಿ ಅರವತ್ತು ದಾಟಿದ ನಿವೃತ್ತ, ಮೂವತ್ತಡಿ ಉದ್ದದ ಹಾಯಿದೋಣಿಯ ಒಡೆಯ, ಕೋಟಿನ ಜೇಬಿನಲ್ಲಿ ಸದಾ ಮಲ್ಟಿಮೀಟರ್ ಇಟ್ಟುಕೊಂಡು ಓಡಾಡುವವನು. ಹಾಯಿದೋಣಿಯನ್ನು ನಡೆಸುವುದು ಗಾಳಿಯೇ ಆದರೂ ಒಳಗಿನ ದೀಪ, ಫ್ರಿಜ್, ರೇಡಿಯೊ, ನೀರಿನ ಪಂಪು ಎಲ್ಲವೂ 12 ವೋಲ್ಟಿನ ಬ್ಯಾಟರಿಯನ್ನೇ ನಂಬಿರುವುದರಿಂದ, ದಡದ 230 ವೋಲ್ಟ್ ವಿದ್ಯುತ್ತನ್ನು ಇಳಿಸಿ ಬ್ಯಾಟರಿಗೆ ತುಂಬುವ ಚಾರ್ಜರ್ ಕೆಟ್ಟರೆ ಹೊಸದನ್ನು ತರಲೇಬೇಕು. ಅಂಗಡಿಯಿಂದ ತಂದು ನಾಲ್ಕು ಸ್ಕ್ರೂ ಬಿಗಿದರೆ ಮುಗಿಯುವ ಕೆಲಸ ಇದೆಂದು ಹೊರಗಿನವರು ಭಾವಿಸುತ್ತಾರೆ.

ದೋಣಿಧಣಿ ಹಾಗೆ ಭಾವಿಸುವುದಿಲ್ಲ. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಹೊತ್ತು, ರಾತ್ರಿಯಿಡೀ ಗುಂಯ್‌ಗುಟ್ಟುತ್ತ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಬ್ಯಾಟರಿಯ ನೀರನ್ನು ಇಂಗಿಸುತ್ತಿದ್ದ ಹಳೆಯ ಪೆಟ್ಟಿಗೆ ಉಸಿರು ಬಿಟ್ಟ ದಿನ ಆತನ ಮುಖದಲ್ಲಿ ಕಾಣುವುದು ದುಃಖವಲ್ಲ, ಒಂದು ಬಗೆಯ ಕಳೆ. ಏಕೆಂದರೆ ಆ ಕ್ಷಣದಿಂದ ಆತ ವಿದ್ಯಾರ್ಥಿಯೂ ಹೌದು, ಉಪನ್ಯಾಸಕನೂ ಹೌದು. ಯಾವ ಚಾರ್ಜರ್ ತರುತ್ತೀರಿ ಎಂದು ಪಕ್ಕದ ದೋಣಿಯವನು ಸೌಜನ್ಯಕ್ಕೆ ಕೇಳಿದರೂ ಉತ್ತರ 1859ರಲ್ಲಿ ಸೀಸ-ಆಮ್ಲದ ಬ್ಯಾಟರಿಯನ್ನು ಕಂಡುಹಿಡಿದ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆಯಿಂದ ಆರಂಭವಾಗುತ್ತದೆ. ಕೇಳಿದವನ ಚಹಾ ಆರುವ ಹೊತ್ತಿಗೆ ಮಾತು ಮೂರು ಹಂತಗಳ ಸಿದ್ಧಾಂತಕ್ಕೆ ಬಂದಿರುತ್ತದೆ. ಮೊದಲ ಹಂತದಲ್ಲಿ ಚಾರ್ಜರ್ ತನ್ನ ಶಕ್ತಿಯನ್ನೆಲ್ಲ ಸುರಿಯುತ್ತದೆ. ಎರಡನೆಯದರಲ್ಲಿ ವೋಲ್ಟೇಜನ್ನು ಸುಮಾರು 14.4ರಲ್ಲಿ ಹಿಡಿದಿಟ್ಟು, ಬ್ಯಾಟರಿ ಎಷ್ಟು ಎಳೆದುಕೊಳ್ಳುತ್ತದೋ ಅಷ್ಟನ್ನೇ ಕೊಡುತ್ತದೆ, ಮೂರನೆಯದರಲ್ಲಿ 13.6ರ ಆಸುಪಾಸಿಗೆ ಇಳಿದು ಕಾವಲು ಕೂರುತ್ತದೆ. ಮದುವೆ ಊಟದಲ್ಲಿ ಮೊದಲ ಪಂಕ್ತಿಗೆ ಸೌಟು ತುಂಬ ಅನ್ನ ಬಡಿಸಿದವನೇ ಕೊನೆಯಲ್ಲಿ ಎಲೆ ನೋಡಿ ನೋಡಿ ಮಜ್ಜಿಗೆ ಹಾಕುವ ಕ್ರಮ ಇದು. ಬ್ಯಾಟರಿಯ ಕೊನೆಯ ಐದನೇ ಒಂದು ಭಾಗ ತುಂಬಲು ಗಂಟೆಗಟ್ಟಲೆ ಹಿಡಿಯುತ್ತದೆ, ಎಷ್ಟು ದೊಡ್ಡ ಚಾರ್ಜರ್ ತಂದರೂ ಅದು ಹೆಚ್ಚು ಬೇಗ ತುಂಬುವುದಿಲ್ಲ ಎಂಬ ಸಂಗತಿಯನ್ನು ಆತ ತಾನೇ ವಿವರಿಸಿ, ಮರುಕ್ಷಣವೇ ಇನ್ನೂ ದೊಡ್ಡ ಚಾರ್ಜರಿನ ಬೆಲೆ ನೋಡತೊಡಗುತ್ತಾನೆ.

ಈ ಅಧ್ಯಯನದ ಮಧ್ಯಭಾಗದಲ್ಲಿ ಗ್ಯಾಲ್ವಾನಿಕ್ ಸವೆತದ ಅಧ್ಯಾಯ ಬರುತ್ತದೆ. ದಡದ ವಿದ್ಯುತ್ತಿನ ಅರ್ತ್ ತಂತಿ ಅಕ್ಕಪಕ್ಕದ ದೋಣಿಗಳ ನೀರೊಳಗಿನ ಲೋಹಗಳನ್ನು ಒಂದಕ್ಕೊಂದು ಬೆಸೆಯುವುದರಿಂದ, ಒಂದು ದೋಣಿಗೆ ರಕ್ಷಣೆಗೆಂದು ಕಟ್ಟಿದ ಸತುವಿನ ತುಂಡು ಮತ್ತೊಂದರ ಕಂಚಿನ ಪ್ರೊಪೆಲರನ್ನು ಕಾಯುತ್ತ ಕರಗಬಹುದು. ಇದನ್ನು ತಡೆಯುವ ಸಣ್ಣ ಸಾಧನಕ್ಕೆ ಗ್ಯಾಲ್ವಾನಿಕ್ ಐಸೊಲೇಟರ್ ಎಂದು ಹೆಸರು. ವಿಷಯ ನಿಜ, ಸಾಧನವೂ ಬೇಕಾದದ್ದೇ. ಆದರೆ ಇದನ್ನು ತಿಳಿದ ಮೇಲೆ ದೋಣಿಧಣಿ ಎಡಬಲದವರಿಗೆ ಮಾಡುವ ನಮಸ್ಕಾರದಲ್ಲಿ ಮೊದಲಿನ ಸಲಿಗೆ ಉಳಿಯುವುದಿಲ್ಲ. ತನ್ನ ಸತು ಯಾರ ಪಾಲಾಗುತ್ತಿದೆ ಎಂಬ ಲೆಕ್ಕ ಒಳಗೊಳಗೇ ನಡೆದಿರುತ್ತದೆ.

ಆಮೇಲೆ ಲಿಥಿಯಂ. ಹೊಸ ಚಾರ್ಜರಿನಲ್ಲಿ ಲಿಥಿಯಂ ಬ್ಯಾಟರಿಗೂ ಒಂದು ಆಯ್ಕೆ ಇದೆಯೆಂದು ಕಂಡದ್ದೇ ತಡ, ಇರುವ ಸೀಸದ ಬ್ಯಾಟರಿಗಳು ಆತನ ಕಣ್ಣಿಗೆ ದರಿದ್ರವಾಗಿ ತೋರುತ್ತವೆ. ಲಿಥಿಯಂ ಹಾಕಿದರೆ ಅದು ಎಳೆಯುವ ಕರೆಂಟಿಗೆ ಎಂಜಿನ್ನಿನ ಆಲ್ಟರ್ನೇಟರ್ ಕಾಯ್ದು ಸುಡಬಹುದಾದ್ದರಿಂದ ನಡುವೆ ಮತ್ತೊಂದು ಸಾಧನ ಬೇಕು; ಅದಕ್ಕೆ ದಪ್ಪ ತಂತಿ ಬೇಕು, ತಂತಿಗೆ ಹೊಸ ಫ್ಯೂಸ್ ಬೇಕು. ಮೂಗಿಗಿಂತ ಮೂಗುತಿ ಭಾರವಾದ ಈ ಪಟ್ಟಿಯನ್ನು ಆತ ಮರೀನಾದ ಬಾಡಿಗೆ ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿರುತ್ತಾನೆ. ಕೆಟ್ಟದ್ದು ಚಾರ್ಜರ್ ಒಂದೇ ಅಲ್ಲವೇ ಎಂದು ಹೆಂಡತಿ ಒಮ್ಮೆ ಕೇಳುತ್ತಾಳೆ. ಪ್ಲಾಂಟೆಯ ಹೆಸರು ಬಂದೊಡನೆ ಎದ್ದು ಹೋಗುತ್ತಾಳೆ.

ಕಡೆಗೊಂದು ದಿನ ನೆದರ್‌ಲ್ಯಾಂಡ್ಸ್‌ನ ವಿಕ್ಟ್ರಾನ್ ಕಂಪನಿಯ ನೀಲಿ ಪೆಟ್ಟಿಗೆ ಬಂದಿಳಿಯುತ್ತದೆ. ಟ್ರಾನ್ಸಿಸ್ಟರುಗಳು ಕರೆಂಟನ್ನು ಕ್ಷಣಕ್ಕೆ ಸಾವಿರಾರು ಸಲ ಕತ್ತರಿಸಿ ಹದಗೊಳಿಸುವ ಸ್ವಿಚ್-ಮೋಡ್ ವಿಧಾನದ್ದಾದ್ದರಿಂದ ಹಳೆಯದಕ್ಕಿಂತ ಎಷ್ಟೋ ಹಗುರ, ಎಷ್ಟೋ ಚಿಕ್ಕದು. ಆ ಚಿಕ್ಕತನವೇ ಹೊಸ ತಾಪತ್ರಯ: ಹಾಸಿಗೆಯ ಅಡಿಯ ಗೂಡಿನಲ್ಲಿ ಬಾಯಲ್ಲಿ ಟಾರ್ಚ್ ಕಚ್ಚಿ, ಒಂದು ಮೊಣಕೈಯನ್ನು ಡೀಸೆಲ್ ಪೈಪಿಗೆ ಒತ್ತಿಕೊಂಡು ಮಲಗಿದ ದೋಣಿಧಣಿಗೆ ಹಳೆಯ ನಾಲ್ಕು ತೂತುಗಳಲ್ಲಿ ಒಂದೂ ಹೊಸ ಪೆಟ್ಟಿಗೆಗೆ ಕೂಡುವುದಿಲ್ಲವೆಂದು ತಿಳಿಯುತ್ತದೆ. ಪ್ಲೈವುಡ್ ಹಲಗೆ ತಂದು, ಅಳೆದು, ಕೊಯ್ದು, ವಾರ್ನಿಷ್ ಬಳಿದು, ಅದು ಒಣಗಲೆಂದು ಕಾಯುವಷ್ಟರಲ್ಲಿ ಬೇಸಿಗೆಯ ಒಳ್ಳೆಯ ಗಾಳಿಯೆಲ್ಲ ಉಳಿದವರ ಹಾಯಿಗಳಿಗೆ ಸಂದಿರುತ್ತದೆ. ಇದರಿಂದ ಆತ ನೊಂದಂತೆ ಕಾಣುವುದಿಲ್ಲ. ಹಾಯಿ ಬಿಚ್ಚಿದರೆ ತಲೆಸುತ್ತು ಬರುವ ಕೆಲವರಿಗೂ ದೋಣಿಯ ಹುಚ್ಚು ಇರುತ್ತದೆ. ಅಂಥವರ ಸಮುದ್ರಯಾನ ಬಹುಮಟ್ಟಿಗೆ ಹಾಸಿಗೆಯ ಅಡಿಯ ಆ ಗೂಡಿನಲ್ಲೇ ನಡೆಯುತ್ತದೆ.

ನಿಜಕ್ಕೂ ಆರಿಸಬೇಕಾದವರಿಗೆ ಲೆಕ್ಕ ಸರಳ. ನೀರು ಹಾಕುವ ಸಾಧಾರಣ ಸೀಸದ ಬ್ಯಾಟರಿಗೆ ಅದರ ಸಾಮರ್ಥ್ಯದ ಶೇಕಡ 10ರಿಂದ 20ರಷ್ಟು ಆಂಪಿಯರ್ ಕೊಡುವ ಚಾರ್ಜರ್ ಸಾಕು; 200 ಆಂಪಿಯರ್-ಅವರ್ ಬ್ಯಾಟರಿ ಇದ್ದರೆ 30 ಆಂಪಿಯರಿನದು ಧಾರಾಳವಾಯಿತು. ದೋಣಿಧಣಿಯಂಥವನಿಗೆ 20 ಆದರೂ ನಡೆಯುತ್ತದೆ, ಏಕೆಂದರೆ ಆತನ ದೋಣಿ ವರ್ಷದ ಬಹುಭಾಗ ದಡದ ಪ್ಲಗ್ಗಿಗೆ ಸಿಕ್ಕಿಸಿದ ಹಾಗೇ ಇರುತ್ತದೆ.