ಮೊಳಕೆಯ ಪಾಠ, ಮೆಣಸಿನಕಾಯಿಯ ಘಾಟು

ಚಟುವಟಿಕೆಗಳ ಮೂಲಕ ಮಕ್ಕಳಿಗೆ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿದ್ದು 1995ರಲ್ಲಿ, ಹೆಗ್ಗಡದೇವನಕೋಟೆಯಲ್ಲಿ. ಕಬಿನಿಯ ತಂಪಿನಲ್ಲಿ ಬೆಳೆದ ಅದಕ್ಕೆ ಬಳ್ಳಾರಿಯ ಬಿಸಿಲಿನ ಸುದ್ದಿಯನ್ನು ಯಾರೂ ಹೇಳಿದಂತಿಲ್ಲ. ಒದ್ದೆಬಟ್ಟೆಯಲ್ಲಿ ಹೆಸರುಕಾಳು ಕಟ್ಟಿಟ್ಟು ಮೊಳಕೆ ನೋಡಬೇಕಂತೆ. ನಮ್ಮ ಮಾರ್ಚ್ ತಿಂಗಳಲ್ಲಿ ಬಿಸಿಯೂಟದ ಗಂಟೆ ಹೊಡೆಯುವಷ್ಟರಲ್ಲಿ ಬಟ್ಟೆ ಹಪ್ಪಳವಾಗಿರುತ್ತದೆ. ಅಲ್ಲದೆ, ಬೇರು ಬಂತಾ ಎಂದು ಗಳಿಗೆಗೊಮ್ಮೆ ಬಿಚ್ಚಿ ಇಣುಕುವ ಮಕ್ಕಳೆದುರು ಯಾವ ಮಾನವಂತ ಕಾಳು ಮೊಳೆತೀತು?

ಸಿರುಗುಪ್ಪದ ಕಥೆಯೇ ಬೇರೆ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರೆ ಸಾಕು, ರೈತರ ಮನೆಗಳಲ್ಲಿ ನೆಲ್ಲು ನೆನೆಹಾಕಿ ಚೀಲಗಟ್ಟಲೆ ಮೊಳಕೆ ಕಟ್ಟುತ್ತಾರೆ. ಅಂಗೈಯಗಲದ ಗಂಟು ಹಿಡಿದು ನಿಂತ ಮೇಡಂಗೆ ಒಂದನೇ ತರಗತಿಯವನ ಪ್ರಶ್ನೆ: ‘ಇದು ಎಷ್ಟು ಎಕರೆಗೆ ಆಗತೈತ್ರೀ?’

ಕುರುಗೋಡಿನಲ್ಲಿ ಇನ್ನೂ ಫಜೀತಿ. ಹತ್ತಿಯ ಮೇಲೆ ಅವರೆಬೀಜ ಇಟ್ಟು ನೀರು ಚಿಮುಕಿಸಿ ಎಂದರೆ, ಮಕ್ಕಳು ಹತ್ತಿಯನ್ನು ಸೀದಾ ಹೊಲದಿಂದಲೇ ಬಿಡಿಸಿ ತರುತ್ತಾರೆ. ‘ಮೇಡಂ, ಇದರಾಗೂ ಬೀಜ ಅದಾವ್ರೀ. ಯಾವುದನ್ನ ನೋಡಬೇಕು?’ ಚಟುವಟಿಕೆ ಬರೆದ ಮಹಾನುಭಾವರು ಹತ್ತಿಯನ್ನು ಮೆಡಿಕಲ್ ಶಾಪಿನಲ್ಲಿ ಮಾತ್ರ ಕಂಡಿರಬೇಕು.

ಎಲೆಯ ಮೇಲೆ ಕಾಗದವಿಟ್ಟು ಕ್ರೇಯಾನ್ ತಿಕ್ಕಿ ನರ ಮೂಡಿಸುವುದು ನಿರಪಾಯ, ಬೇವಿನೆಲೆಗೇನೂ ಬರವಿಲ್ಲ. ಬೀಜ ವಿಂಗಡಿಸುವ ದಿನ ಮಾತ್ರ ‘ಮನೆಯಿಂದ ಏನಾದರೂ ತನ್ನಿ’ ಎಂದು ಬಾಯ್ತಪ್ಪಿಯೂ ಹೇಳಬಾರದು. ಬರುವುದು ಒಣ ಮೆಣಸಿನಕಾಯಿ. ಕಾಯಿ ಮುರಿದು, ಬೀಜ ಎಣಿಸಿ, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡ ಮೇಲೆ ಉಳಿದ ಚಟುವಟಿಕೆಯೆಲ್ಲ ನಲ್ಲಿಯ ಹತ್ತಿರ.