ಬಾದಾಮಿಯಿಂದ ಬ್ರಾಂಕ್ಸ್‌ವರೆಗೆ: ಹಿಪ್‌ಹಾಪಿನ ಶಾಸನಮೂಲವನ್ನು ಕುರಿತು

ಹಿಪ್‌ಹಾಪ್ 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಜ್ವಿಕ್ ಅವೆನ್ಯೂವಿನ 1520ನೇ ನಂಬರಿನ ಕಟ್ಟಡದಲ್ಲಿ, ಡಿಜೆ ಕೂಲ್ ಹರ್ಕ್ ಮತ್ತವನ ತಂಗಿ ಏರ್ಪಡಿಸಿದ ಪಾರ್ಟಿಯಲ್ಲಿ ಹುಟ್ಟಿತೆಂದು ಲೋಕ ನಂಬಿದೆ. ಪ್ರವೇಶಶುಲ್ಕ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಎಂಬ ವಿವರವೂ ಲಭ್ಯ. ಇಷ್ಟು ಕರಾರುವಾಕ್ಕಾದ ಜನ್ಮವೃತ್ತಾಂತ ಕನ್ನಡ ವಿದ್ವತ್ತಿಗೆ ಅನುಮಾನ ಹುಟ್ಟಿಸಬೇಕು. ಕವಿರಾಜಮಾರ್ಗ ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ತಲೆಮಾರುಗಟ್ಟಲೆ ಕಾದಾಡಿದ ನಾವು ಒಂದು ಮನೆ ನಂಬರಿಗೆ ಶರಣಾಗುವುದು ಶೋಭೆಯಲ್ಲ. ಹಿಪ್‌ಹಾಪ್ ಶಾಸನಸಾಹಿತ್ಯದ ಒಂದು ಕವಲು, ಅದರ ಮೊದಲ ಉಪಲಬ್ಧ ಕೃತಿ ಬಾದಾಮಿಯ ಬಂಡೆಯ ಮೇಲಿದೆ, ಇನ್‌ಸ್ಟಾಗ್ರಾಂ ಎಂಬುದು ಆ ಬಂಡೆಯ ಮುಂದುವರಿಕೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಪದಗಳ ಉಚ್ಚಾರಸಾಮ್ಯ ಹಿಡಿದು ಮೂಲ ಶೋಧಿಸುವ ವಿಧಾನವನ್ನು ಬೇಕೆಂದೇ ಕೈಬಿಡಲಾಗಿದೆ. ಅದರಿಂದ ಏನನ್ನು ಬೇಕಾದರೂ ಸಾಧಿಸಬಹುದಾದ್ದರಿಂದ ಸಾಧಿಸುವ ಸುಖವೇ ಇರುವುದಿಲ್ಲ.

ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವನ್ನು ತ್ರಿಪದಿಗೆ ಉದಾಹರಣೆಯೆಂದು ಛಂದಸ್ಸಿನ ತರಗತಿಯಲ್ಲಿ ಓದಿಸಿ ಮುಗಿಸುತ್ತಾರೆ. ಅದರಲ್ಲಿ ಅರಭಟ್ಟ ಕೆರೆ ಕಟ್ಟಿಸಿದ್ದಿಲ್ಲ, ಭೂಮಿ ಕೊಟ್ಟದ್ದಿಲ್ಲ, ಇಂಥ ಯುದ್ಧ ಗೆದ್ದನೆಂಬ ಮಾತೂ ಇಲ್ಲ. ತಾನು ಎಂಥವನು, ತನ್ನೊಡನೆ ನೆಟ್ಟಗಿದ್ದರೆ ಏನು, ಕೆಣಕಿದರೆ ಏನು ಎಂಬಷ್ಟೇ ವಿಷಯ. ಅದೂ ಲಯಬದ್ಧವಾಗಿ, ಊರಿಗೆಲ್ಲ ಕಾಣುವಂತೆ. ಇದನ್ನು ರ‍್ಯಾಪ್ ಎನ್ನದೆ ಬೇರೇನು ಎನ್ನುವುದು? ಅದಕ್ಕೂ ಮುಂಚೆ, 634ರ ಐಹೊಳೆ ಶಾಸನದಲ್ಲಿ, ರವಿಕೀರ್ತಿ ಪುಲಕೇಶಿಯನ್ನು ಹೊಗಳುವ ಕೆಲಸ ಮುಗಿಸಿ, ತನ್ನ ಕೀರ್ತಿ ಕಾಳಿದಾಸ-ಭಾರವಿಯರದಕ್ಕೆ ಸಮ ಎಂದು ಸೇರಿಸಿದ್ದಾನೆ. ಖ್ಯಾತರಿಬ್ಬರನ್ನು ಅವರ ಅನುಮತಿಯಿಲ್ಲದೆ ಟ್ಯಾಗ್ ಮಾಡುವ ಪದ್ಧತಿಯ ಪ್ರಾಚೀನತೆ ಇದರಿಂದ ಸಿದ್ಧ. ಗದುಗಿನ ಕುಮಾರವ್ಯಾಸನಂತೂ ಹಲಗೆ-ಬಳಪ ಹಿಡಿಯದವನೆಂದೂ ಬರೆದದ್ದನ್ನು ಅಳಿಸದವನೆಂದೂ ತಾನೇ ಘೋಷಿಸಿಕೊಂಡ. ಜೇ-ಝೀ ಕಾಗದದ ಮೇಲೆ ಏನೂ ಬರೆಯದೆ ಮನಸ್ಸಿನಲ್ಲೇ ಸಾಲು ಕಟ್ಟುತ್ತಾನೆಂದು ಈಗ ಬೆರಗಾಗುವವರು ಇದನ್ನು ಗಮನಿಸಬೇಕು. ಮೇಲಾಗಿ, ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದನೆಂದು ಕುಮಾರವ್ಯಾಸ ಹಂಗಿಸಿದ. ಇದು ಶುದ್ಧ ಡಿಸ್. 2024ರ ಮೇ ತಿಂಗಳಲ್ಲಿ ಡ್ರೇಕ್ ಹಾಡು ಬಿಟ್ಟ ಒಂದು ಗಂಟೆಯೊಳಗೆ ಕೆಂಡ್ರಿಕ್ ಲಾಮಾರ್ ಪ್ರತ್ಯುತ್ತರದ ಹಾಡು ಬಿಟ್ಟದ್ದನ್ನು ವೇಗವೆನ್ನುತ್ತಾರೆ; ನಮ್ಮಲ್ಲಿ ಅವಸರವಿರಲಿಲ್ಲ. ತರುವಾಯ ಬಂದ ಕುಮಾರವಾಲ್ಮೀಕಿ ಅದೇ ಭಾಮಿನಿ ಷಟ್ಪದಿಯಲ್ಲಿ, ಎಂದರೆ ಎದುರಾಳಿಯದೇ ಬೀಟಿನ ಮೇಲೆ, ತೊರವೆ ರಾಮಾಯಣವನ್ನು ಪೂರ್ತಿ ಹಾಡಿ ತೋರಿಸಿದ.

ಗೋಡೆಬರಹವೂ ಹಿಪ್‌ಹಾಪಿನ ಒಂದು ಅಂಗ. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಊರೆಲ್ಲ ‘ಟಾಕಿ 183’ ಎಂದು ಗೀಚುತ್ತಿದ್ದ ಯುವಕನ ಬಗ್ಗೆ ವರದಿ ಮಾಡಿತು. ಮುದ್ದಿನ ಹೆಸರು, ಮುಂದೆ ತನ್ನ ಬೀದಿಯ ಸಂಖ್ಯೆ. ಬೇಲೂರಿನಲ್ಲಿ ಶಿಲ್ಪಿ ದಾಸೋಜ ತನ್ನ ಹೆಸರಿನ ಜೊತೆಗೆ ತನ್ನೂರು ಬಳ್ಳಿಗಾವೆಯನ್ನು ಕೆತ್ತಿದ್ದು ಇದೇ ಸೂತ್ರದಂತೆ. ಇನ್ನು ರೀಲ್ಸ್ ನೆಟ್ಟಗೆ ನಿಂತ ಚೌಕಟ್ಟಿನಲ್ಲಿರುವುದು ಮೊಬೈಲಿನ ಆಕಾರದಿಂದ ಎಂಬ ವಾದವಿದೆ. ಒಪ್ಪಲಾಗದು. ವೀರಗಲ್ಲೂ ನೆಟ್ಟಗೆ ನಿಂತದ್ದೇ. ಕೆಳಗಿನ ಪಟ್ಟಿಕೆಯಲ್ಲಿ ಹೊಡೆದಾಟ, ಅದರ ಮೇಲೆ ಅಪ್ಸರೆಯರು, ಎಲ್ಲಕ್ಕೂ ಮೇಲೆ ಕೈಲಾಸ. ಇಂದಿನ ಹೆಬ್ಬೆರಳು ಹೇಗೆ ಕೆಳಗಿನಿಂದ ಮೇಲಕ್ಕೆ ಸರಿಯುತ್ತದೋ ಅಂದಿನ ಕಣ್ಣೂ ಹಾಗೇ ಸರಿಯುತ್ತಿತ್ತು, ಸರಿದಷ್ಟೂ ಅಪ್ಸರೆಯರು ಸಿಗುತ್ತಿದ್ದರು. ಬ್ರೇಕ್ ಡ್ಯಾನ್ಸನ್ನು ಇಲ್ಲಿ ಚರ್ಚಿಸಿಲ್ಲ. ಮದನಿಕೆಯರ ಸೊಂಟ ಕಂಡವರಿಗೆ ಅದರ ಅಗತ್ಯವಿಲ್ಲ.

ಬಾದಾಮಿಯ ಸರಕು ಯಾವ ಹಡಗಿನಲ್ಲಿ ಬ್ರಾಂಕ್ಸ್‌ಗೆ ಹೋಯಿತು ಎಂದು ಕೇಳುವವರಿದ್ದಾರೆ. ಹರ್ಕ್ ಜಮೈಕಾದಿಂದ 1967ರಲ್ಲಿ ಬಂದವನು, ಅಲ್ಲಿನ ಬೀದಿಯ ಸೌಂಡ್ ಸಿಸ್ಟಂ ಪರಂಪರೆಯನ್ನು ಹೊತ್ತು ತಂದವನು ಎಂದು ಅವರು ಸಾಕ್ಷ್ಯವನ್ನೂ ಒದಗಿಸುತ್ತಾರೆ. ಸಾಕ್ಷ್ಯ ಇರುವ ಕಡೆ ಊಹೆಗೆ ಕೆಲಸವಿಲ್ಲ, ಊಹೆಯಿಲ್ಲದೆ ಪೀಠಿಕೆ ಬೆಳೆಯುವುದಿಲ್ಲ. ಆದ್ದರಿಂದ ಈ ಆಕ್ಷೇಪವನ್ನು ಬದಿಗಿಡೋಣ. ಗಟ್ಟಿಯಾದ ಆಕ್ಷೇಪ ಬೇರೆಯಿದೆ. ಶಾಸನ ಉಳ್ಳವರದು, ಹಿಪ್‌ಹಾಪ್ ಹೆದ್ದಾರಿಗಾಗಿ ಸೀಳಿಸಿಕೊಂಡು, ಸಾಲುಮನೆಗಳು ಸುಟ್ಟುಹೋದ ಪ್ರದೇಶದ ಬಡ ಕರಿಯ ಮತ್ತು ಲ್ಯಾಟಿನೋ ಹುಡುಗರದು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ? ಉತ್ತರವಿಷ್ಟೆ: ರಾಜನಿಗೆ ಹೊಗಳಲು ಆಳುಗಳಿದ್ದರು. ಪಂಪನಿಗೆ ಅರಿಕೇಸರಿ ಧರ್ಮಪುರದ ಅಗ್ರಹಾರ ಕೊಟ್ಟ, ಪಂಪ ಅವನನ್ನು ಅರ್ಜುನನನ್ನಾಗಿಸಿದ. ಬ್ರಾಂಕ್ಸ್‌ನ ಹುಡುಗನಿಗೆ ಆಸ್ಥಾನಕವಿಯನ್ನು ಸಾಕುವ ಶಕ್ತಿಯಿಲ್ಲದ್ದರಿಂದ ಹೊಗಳುವವನೂ ಹೊಗಳಿಸಿಕೊಳ್ಳುವವನೂ ತಾನೇ ಆದ. ಯಾರೂ ಗಮನಿಸದ ಕಡೆಯಲ್ಲಿ ತಾನು ಇದ್ದೇನೆಂದು ಕೂಗುವುದಕ್ಕೆ ಜಂಬ ಎಂಬ ಹೆಸರು ಸಲ್ಲದು. ಈ ಒಂದು ವಾಕ್ಯವನ್ನು ಪ್ರಬಂಧಕಾರರು ಅಣಕಿಲ್ಲದೆ ಬರೆದಿದ್ದಾರೆ. ಅಣಕು ಶುರುವಾಗುವುದು ಮುಂದಿನ ಹಂತದಲ್ಲಿ. ಅದೇ ಕೂಗನ್ನು ನಲವತ್ತು ಸಾವಿರ ರೂಪಾಯಿಯ ಫೋನಿನಲ್ಲಿ, ಬಾಡಿಗೆ ಕಾರಿಗೆ ಒರಗಿಕೊಂಡು, ತಂದೆಯ ವೈಫೈ ಬಳಸಿ ಕೂಗುವ ತರುಣ ಅರಭಟ್ಟನ ವಂಶದವನೋ ಅರಿಕೇಸರಿಯ ವಂಶದವನೋ? ಬಿರುದಿನ ದರವೂ ಬಿದ್ದಿದೆ. ಆರನೇ ವಿಕ್ರಮಾದಿತ್ಯ 1076ರಲ್ಲಿ ಸ್ವಂತ ಅಣ್ಣನನ್ನು ಪಟ್ಟದಿಂದಿಳಿಸಿ ತ್ರಿಭುವನಮಲ್ಲನಾಗಿ ಮೆರೆದ. 2023ರಲ್ಲಿ ಇನ್‌ಸ್ಟಾಗ್ರಾಂನ ನೀಲಿ ಟಿಕ್ ಭಾರತದಲ್ಲಿ ಮಾರಾಟಕ್ಕೆ ಬಂದಾಗ ಮೊಬೈಲ್ ಮೂಲಕ ತಿಂಗಳಿಗೆ 699 ರೂಪಾಯಿ, ಅಣ್ಣ ಸುರಕ್ಷಿತ. ಕವಿಗಳೋ ಸಂಬಳವಿಲ್ಲದೆ ಕಾಮೆಂಟಿನಲ್ಲಿ ಬೆಂಕಿಯ ಚಿತ್ರ ಹಾಕುತ್ತಿದ್ದಾರೆ. ಹಾಡಿದವನ ಪಾಡೂ ಅಗ್ರಹಾರದ್ದಲ್ಲ: ವರ್ಷಕ್ಕೆ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ 2024ರಿಂದ ಸ್ಪಾಟಿಫೈ ಬಿಡಿಗಾಸನ್ನೂ ಕೊಡುವುದಿಲ್ಲ. ಕನ್ನಡದ ರ‍್ಯಾಪರುಗಳನ್ನು ‘ಇದು ನಮ್ಮ ಸಂಸ್ಕೃತಿಯಲ್ಲ’ ಎಂದು ಬೈಯುವವರು, ಅದೇ ಬೈಗುಳದ ವಿಡಿಯೋಗೆ ಲೈಕ್ ಎಷ್ಟು ಬಂತೆಂದು ಐದು ನಿಮಿಷಕ್ಕೊಮ್ಮೆ ನೋಡುವುದರಿಂದ, ಅವರನ್ನೂ ಇದೇ ಪರಂಪರೆಗೆ ಸೇರಿಸಿಕೊಳ್ಳಬಹುದು.

ಶಾಸನ ಆಚಂದ್ರಾರ್ಕ, ಇನ್‌ಸ್ಟಾಗ್ರಾಂ ಸ್ಟೋರಿ 24 ಗಂಟೆ ಎಂಬುದು ಕೊನೆಯ ಆಕ್ಷೇಪ. ಸೂರ್ಯ ಒಮ್ಮೆ, ಚಂದ್ರ ಒಮ್ಮೆ ಬಂದುಹೋಗುವಷ್ಟು ಕಾಲ ಎಂದು ಸಂಕುಚಿತವಾಗಿ ಅರ್ಥೈಸಿದರೆ ವಿರೋಧವೇ ಉಳಿಯದು. ಆದರೆ ಸಂರಕ್ಷಣೆಯ ತೊಡಕು ನಿಜ. ಬಿ.ಎಲ್. ರೈಸ್ ಸುಮಾರು 9,000 ಶಾಸನಗಳನ್ನು ಸಂಗ್ರಹಿಸಿ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅಚ್ಚು ಹಾಕಿಸಿದ, ಕಲ್ಲು ಕಾದು ನಿಂತಿತ್ತು. ಸ್ಟೋರಿಯ ಪಡಿಯಚ್ಚು ತೆಗೆಯುವವರು ಒದ್ದೆ ಕಾಗದ ಹಿಡಿದು ರಾತ್ರಿಯಿಡೀ ಎಚ್ಚರವಿರಬೇಕು. ಶಾಪಾಶಯವನ್ನೂ ಪರಿಷ್ಕರಿಸಬೇಕಾಗಿದೆ. ಕೊಟ್ಟದ್ದನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗುತ್ತಾನೆಂದು ಹಳೆಯ ಶಾಸನಗಳು ವಿಧಿಸಿದ್ದವು. ಇನ್ನೊಬ್ಬರ ಹಾಡಿನ ತುಣುಕನ್ನು ಅನುಮತಿಯಿಲ್ಲದೆ ಬಳಸಿದ ಬಿಝ್ ಮಾರ್ಕಿಯ ವಿರುದ್ಧ 1991ರಲ್ಲಿ ತೀರ್ಪು ಕೊಟ್ಟ ನ್ಯೂಯಾರ್ಕಿನ ನ್ಯಾಯಾಧೀಶರು ಕದಿಯಬಾರದೆಂಬ ಬೈಬಲ್ಲಿನ ಕಟ್ಟಳೆಯಿಂದಲೇ ಆರಂಭಿಸಿ ಆ ಗಾಂಭೀರ್ಯವನ್ನು ಕೊಂಚ ಉಳಿಸಿದರು. ಈಗ ಯೂಟ್ಯೂಬಿನ ಕಾಪಿರೈಟ್ ಸ್ಟ್ರೈಕಿಗೆ 90 ದಿನದ ಆಯುಷ್ಯ. ಇದಿಷ್ಟೂ ಕದ್ದವನ ಮಾತಾಯಿತು. ಒಂದು ಹಾಡು ಲೆಕ್ಕಕ್ಕೆ ಸೇರಲು ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಬೇಕು. 29ನೇ ಸೆಕೆಂಡಿಗೆ ಮುಂದಿನ ಹಾಡಿಗೆ ಜಿಗಿಯುವವನಿಗೆ ಎಷ್ಟು ಸಾವಿರ ವರ್ಷವೆಂಬುದನ್ನು ಧರ್ಮಶಾಸ್ತ್ರಜ್ಞರೇ ತೀರ್ಮಾನಿಸಲಿ.